ಇಪ್ಪತ್ನಾಲ್ಕು ಪತ್ರ, ಒಂದು ಹಸು

ಮಾರ್ಚ್ 4, ಸೋಮವಾರ

ಹೆದರಿಕೆಯಾದಾಗ ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಂತೆ. ನಮ್ಮ ಮನೆಯವರು ತಮ್ಮ ಡ್ರೈವಿಂಗ್ ಶಾಲೆಯಲ್ಲಿ ಹಾಗೇ ಕಲಿಸುವುದು. ‘ಈಗ ಕನ್ನಡಿ ನೋಡ್ತಿದ್ದೀನಿ, ಈಗ ಕ್ಲಚ್ ಒತ್ತುತ್ತಿದ್ದೀನಿ’ ಎಂದು ಕಲಿಯುವವರ ಕೈಲಿ ಹೇಳಿಸುತ್ತಾರೆ. “ನೀನಂತೂ ಬಾಯಿ ಬಿಡಲ್ಲ, ಹೋಗ್ಲಿ, ಬರಿ” ಎಂದು ಈ ಡೈರಿ ತಂದುಕೊಟ್ಟರು. ಸರಿ. ಈಗ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಈಗ ಹೆದರುತ್ತಿದ್ದೇನೆ.

ಹೋದ ಗುರುವಾರ ಹಳೇ ಸರ್ ನಿವೃತ್ತರಾದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆ ತಣ್ಣನೆ ಕಂಪ್ಯೂಟರ್ ಕೋಣೆಯಲ್ಲಿ, ಹನ್ನೊಂದು ವರ್ಷ ಅವರ ಬೆನ್ನ ಹಿಂದೆ ಅಡಗಿಕೊಂಡು ಕೆಲಸ ಮಾಡಿದವಳು ನಾನು. ಯಾರು ಬೈದುಕೊಂಡು ಬಂದರೂ ಅವರೇ ಎದ್ದು ನಿಲ್ಲುತ್ತಿದ್ದರು. ಇವತ್ತು ಫೋನು ಹೊಡೆದುಕೊಂಡಾಗ ಅವರು ಎತ್ತಲಿ ಎಂದು ಎರಡು ರಿಂಗು ಕಾದೆ.

ಈಗ ನನ್ನ ಕೆಲಸ ಏನೆಂದು ಬರೆಯುತ್ತಿದ್ದೇನೆ. ನಮ್ಮದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆ. ಮೇಲಿನ ಮಹಡಿಯಲ್ಲಿ ರೋಗಿಗಳು ಯಂತ್ರದಡಿ ಹತ್ತು ನಿಮಿಷ ಮಲಗಿ ಎದ್ದು ಹೋಗುತ್ತಾರೆ, ಅದಕ್ಕೆ ಸಿಟ್ಟಿಂಗು ಎನ್ನುತ್ತೇವೆ. ಯಾರಿಗೆ, ಎಷ್ಟನೇ ಸಿಟ್ಟಿಂಗು, ಎಷ್ಟು ಪ್ರಮಾಣ ಎಂಬ ದಾಖಲೆ ಕೆಳಗಿರುವ ನನ್ನ ದೊಡ್ಡ ಕಂಪ್ಯೂಟರಿಗೆ ಬರುತ್ತದೆ. ಸಂಜೆ ಆರಕ್ಕೆ ಅದು ಆ ದಿನದ ಕಡತಗಳನ್ನು ಹಿಂದಿನ ಕಟ್ಟಡದ ಎರಡನೇ ಕಂಪ್ಯೂಟರಿಗೆ ತಾನಾಗಿಯೇ ನಕಲು ಮಾಡುತ್ತದೆ. ಕಾಗದದಲ್ಲಿ ಬರೆದಿಡುವುದನ್ನು ಬಿಟ್ಟು ಎರಡು ವರ್ಷವಾಯಿತು. ಹಾಗಾಗಿ ಇವೆರಡೂ ಕಂಪ್ಯೂಟರು ನೆಟ್ಟಗಿರಬೇಕು, ಅಷ್ಟೇ. ಅಷ್ಟೇ ಅಂತೆ!

ಹೋಗುವಾಗ ಸರ್ ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಮಾಡಬೇಕಾದ್ದು ಒಂಬತ್ತು ಕೆಲಸ. ನಾಳೆ ನೋಡುತ್ತೇನೆ.

ಮಾರ್ಚ್ 5, ಮಂಗಳವಾರ

ಇವತ್ತು ನಕ್ಕೆ. ಕೋಣೆಯಲ್ಲಿ ಒಬ್ಬಳೇ ಕೂತು ಹುಚ್ಚಿಯ ಹಾಗೆ ನಕ್ಕೆ.

ಒಂದು ಪುಟ್ಟ ಪ್ರೋಗ್ರಾಮು ಸಿಕ್ಕಿತು. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು, ಮುಂದೆ ಒಂದು ಮಾತು ಬರೆದು ಎಂಟರ್ ಒತ್ತಿದರೆ ಗೆರೆ, ಸೊನ್ನೆ, ಆವರಣ ಚಿಹ್ನೆಗಳಲ್ಲೇ ಒಂದು ಹಸು ಮೂಡುತ್ತದೆ. ಎರಡು ಸೊನ್ನೆ ಕಣ್ಣು, ನಾಲ್ಕು ಕಡ್ಡಿ ಕಾಲು, ಒಂದು ಸೊಟ್ಟ ಬಾಲ. ನಾವು ಬರೆದ ಮಾತು ಅದರ ಬಾಯಿಂದ ಗುಳ್ಳೆಯಾಗಿ ಹೊರಬರುತ್ತದೆ. ಆನೆ, ಕುರಿ, ಬೆಂಕಿ ಉಗುಳುವ ಯಾವುದೋ ರಾಕ್ಷಸ ಪ್ರಾಣಿ ಎಲ್ಲ ಇವೆ. ನನ್ನ ಮುಖಕ್ಕೆ ಹಸುವೇ ಸರಿ. ಕನ್ನಡ ಅಕ್ಷರ ಹಾಕಿದರೆ ಗುಳ್ಳೆಯ ಗೋಡೆ ಕುಸಿಯುತ್ತದೆ. ಅದಕ್ಕೇ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ: “ಉಸಿರಾಡು ಮಾರಾಯ್ತಿ. ಯಾರೂ ನಿನ್ನ ತಿನ್ನಲ್ಲ.”

ಎರಡನೇ ಕಂಪ್ಯೂಟರಿನ ಬಾಗಿಲಲ್ಲೇ, ಅಂದರೆ ಪಾಸ್‌ವರ್ಡ್ ಕೊಟ್ಟು ಒಳಹೋಗುವ ಕಡೆಯೇ, ಅದನ್ನು ಕಟ್ಟಿಹಾಕಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ಹಸು ಮಾತಾಡಬೇಕು, ಹಾಗೆ. ದಿನಾ ಮಧ್ಯಾಹ್ನ ಒಂದು ಹೊಸ ಮಾತು ಬರೆದಿಡುವುದು, ಮಾರನೇ ದಿನ ಹೋಗಿ ಅದರ ಬಾಯಿಂದ ಕೇಳುವುದು. ಆ ಕಂಪ್ಯೂಟರಿಗೆ ನನ್ನನ್ನು ಬಿಟ್ಟರೆ ಇನ್ಯಾರೂ ಹೋಗುವುದಿಲ್ಲ.

ಅತ್ತೆ ಊಟಕ್ಕೆ ಬಡಿಸುತ್ತಾ, “ಏನೇ ಇದು, ಇವತ್ತು ಮುಖದಲ್ಲಿ ಜೀವ ಇದೆ?” ಎಂದರು. ಹಸುವಿನ ಕಥೆ ಹೇಳಿದೆ. “ಹಾಲು ಕೊಡುತ್ತೇನು?” ಎಂದರು.

ಮಾರ್ಚ್ 8, ಶುಕ್ರವಾರ

ಮುಖ್ಯ ಡಾಕ್ಟರು ಪ್ರಿಂಟರ್ ಕೆಟ್ಟಿತೆಂದು ಕೆಳಗಿಳಿದು ಬಂದು ಕೂಗಾಡಿದರು, ಅದೂ ಮೂರು ಸಲ. ಪ್ರಿಂಟರಿಗೂ ನನಗೂ ಸಂಬಂಧವೇ ಇಲ್ಲ. ಹಾಗೆ ಹೇಳಲು ಬಾಯಿ ತೆರೆದೆ, “ಹೂಂ ಸರ್” ಎಂದು ಮುಚ್ಚಿದೆ. ಅವರಿಗೆ ‘ಗುಡುಗು’ ಎಂದು ಹೆಸರಿಟ್ಟಿದ್ದೇನೆ. ಹಸುವಿನ ಬಾಯಲ್ಲಿ ಬರೆದೆ: “ಗುಡುಗು ಮೂರು ಸಲ ಬಂತು. ಮಳೆ ಒಂದು ಹನಿ ಇಲ್ಲ.”

ಹಸುವಿಗೆ ಹೇಳಿದರೆ ಹಗುರವಾಗುತ್ತದೆ.

ಮಾರ್ಚ್ 12, ಮಂಗಳವಾರ

ಬೆಳಿಗ್ಗೆ ಲಿಫ್ಟಿನಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಜೊತೆಗೆ ಅವರ ಮನೆಯಾಕೆ, ಕೈಯಲ್ಲಿ ಎಕ್ಸ್‌ರೇ ಚೀಲ. ಲಿಫ್ಟು ತುಂಬಿತ್ತು, ನಾನು ಬಾಗಿಲಿಗೆ ಅಂಟಿ ನಿಂತಿದ್ದೆ. “ಒಳಗ್ ಬನ್ನಿ ಒಳಗ್ ಬನ್ನಿ, ಮಧ್ಯ ಎಲ್ಲ ಖಾಲಿ ಇದೆ” ಎಂದು ಪಿಸುದನಿಯಲ್ಲಿ ಹೇಳಿದರು. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದರಂತೆ. ಗಂಟಲಿನ ಗೆಡ್ಡೆ. ಇವತ್ತು ಮೊದಲ ಸಿಟ್ಟಿಂಗು, ಒಟ್ಟು ಮೂವತ್ಮೂರು.

“ಕೂಗಿ ಕೂಗಿ ಸವೆದುಹೋಗಿದೆ ಅಷ್ಟೇ ಕಣಮ್ಮ. ಕರೆಂಟ್ ಕೊಟ್ರೆ ಚಾರ್ಜ್ ಆಗುತ್ತೆ.”

“ಮಾತಾಡ್ಬೇಡಿ ಅಂದಿದ್ದಾರಲ್ವಾ” ಎಂದು ಅವರ ಮನೆಯಾಕೆ ಗದರಿದರು. ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ಆಗಲೇ ಮನಸ್ಸಿನಲ್ಲಿ ಕಂಡಕ್ಟರ್ ಮಾಮ ಎಂದು ಕರೆದಾಗಿತ್ತು.

ಮಾರ್ಚ್ 20, ಬುಧವಾರ

ದೊಡ್ಡ ಕಂಪ್ಯೂಟರಿನ ಡಿಸ್ಕು ಶಬ್ದ ಮಾಡುತ್ತಿದೆ. ಹಲ್ಲಿ ಲೊಚಗುಟ್ಟಿದ ಹಾಗೆ. ಹೊಸದಕ್ಕೆ ಬರೆದು ಕಳಿಸಿದೆ, ಬರಲು ಮೂರು ವಾರವಂತೆ. ಕಿರಣದ ಪ್ರಮಾಣ ಲೆಕ್ಕ ಹಾಕುವ ಫಿಸಿಸಿಸ್ಟ್ ಮೇಡಂ ವಿಷಯ ತಿಳಿದು ಕೆಳಗೆ ಬಂದರು. ಒಗೆದು ಇಸ್ತ್ರಿ ಮಾಡಿದ ಹಾಗಿರುವ ಹೆಂಗಸು, ಒಂದು ಮಾತೂ ಮಡಿಕೆ ತಪ್ಪುವುದಿಲ್ಲ.

“ನಕಲು ಸರಿಯಾಗಿ ಆಗ್ತಿದೆಯಲ್ವಾ?”

“ದಿನಾ ಆಗುತ್ತೆ ಮೇಡಂ, ತಾನಾಗೇ.”

ಹಸು ಇವತ್ತು: “ಮೇಡಂ ನಗೋದನ್ನೂ ಅಳೆದು ಸುರೀತಾರೆ.” ಜೀವ ಹೋದರೂ ಎದುರಿಗೆ ಹೇಳಲಾರೆ.

ಏಪ್ರಿಲ್ 3, ಬುಧವಾರ

ಮಾಮನ ದನಿ ಪೂರ್ತಿ ಹೋಗಿದೆ. ಕುತ್ತಿಗೆ ಸುಟ್ಟ ಹಾಗೆ ಕೆಂಪಗಾಗಿದೆ. ನನ್ನನ್ನು ಕಂಡು ಬೆರಳಲ್ಲಿ ಹದಿನೇಳು ಎಂದು ತೋರಿಸಿದರು. ಈ ಸುಡುವುದೆಲ್ಲ ಮದ್ದು ಹಿಡಿಯುತ್ತಿರುವ ಗುರುತು, ಮುಗಿದ ಮೇಲೆ ದನಿ ಬರುತ್ತದೆ ಎಂದಿದ್ದಾರಂತೆ ಡಾಕ್ಟರು. ಮನೆಯಾಕೆ ನನ್ನ ಕೈ ಹಿಡಿದು, “ನೀವು ಇಲ್ಲೇ ಕೆಲಸ ಮಾಡೋರು. ಬರುತ್ತೆ ತಾನೆ?” ಎಂದು ಕೇಳಿದರು. ನಾನು ಕಂಪ್ಯೂಟರಿನವಳು, ನನಗೇನು ಗೊತ್ತು. “ಬರುತ್ತೆ ಅಮ್ಮಾ” ಎಂದುಬಿಟ್ಟೆ.

ಏಪ್ರಿಲ್ 8, ಸೋಮವಾರ

ಬರೆಯಲು ಆಗುತ್ತಿಲ್ಲ. ಬರೆಯಲೇಬೇಕು. ಈಗ ಪೆನ್ನು ಹಿಡಿದಿದ್ದೇನೆ.

ಹನ್ನೊಂದು ಗಂಟೆಗೆ ಡಿಸ್ಕು ಸತ್ತಿತು. ಕರ್ ಎಂದಿತು, ನಿಂತಿತು. ನನಗೆ ಅಷ್ಟೇನೂ ಭಯವಾಗಲಿಲ್ಲ. ಎರಡನೇ ಕಂಪ್ಯೂಟರ್ ಇದೆಯಲ್ಲ ಎಂದು ಹಿಂದಿನ ಕಟ್ಟಡಕ್ಕೆ ಹೋದೆ. ಒಳಗೆ ಕಾಲಿಟ್ಟೆ. ಹಸು ಮಾತಾಡಿತು. ಕಡತಗಳ ಪಟ್ಟಿ ತೆಗೆದೆ.

ಕೊನೆಯ ಕಡತದ ತಾರೀಖು ಮಾರ್ಚ್ 4.

ಮತ್ತೆ ತೆಗೆದೆ, ಮತ್ತೆ ಅದೇ. ಕಿಟಕಿಯ ಕಟ್ಟೆ ಹಿಡಿದು ನಿಂತುಕೊಂಡೆ. ಗೊತ್ತಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಹಸುವನ್ನು ಬಾಗಿಲಲ್ಲೇ ಕಟ್ಟಿದ್ದೆನಲ್ಲ. ಯಾರು ಬಂದರೂ ಅದು ಮಾತಾಡುತ್ತದೆ. ನಾನು ಬಂದರೆ ನಗುತ್ತೇನೆ. ಸಂಜೆ ಆರಕ್ಕೆ ನಕಲು ಮಾಡುವ ಪ್ರೋಗ್ರಾಮೂ ಅದೇ ಬಾಗಿಲಿಂದ ಬರುತ್ತದೆ. ಅದು ‘ಸಿದ್ಧ’ ಎಂಬ ಒಂದೇ ಒಂದು ಸಂಕೇತಕ್ಕೆ ಕಾಯುತ್ತದೆ. ಅದಕ್ಕೆ ಸಿಕ್ಕಿದ್ದು ಕೋಡು, ಬಾಲ, ನನ್ನ ಹರಟೆ. ಇದು ಎರಡನೇ ಕಂಪ್ಯೂಟರೇ ಅಲ್ಲವೆಂದುಕೊಂಡು ಪ್ರತಿ ಸಂಜೆ ವಾಪಸ್ ಹೋಗಿದೆ. ಮಾರ್ಚ್ 5ರಿಂದ ಇಪ್ಪತ್ನಾಲ್ಕು ಕೆಲಸದ ದಿನ.

ದಿನಾ ಹೋಗುತ್ತಿದ್ದೆ. ದಿನಾ ಹಸುವನ್ನು ನೋಡಿ ಬಂದೆ. ತಾರೀಖು ಒಂದು ದಿನ ನೋಡಲಿಲ್ಲ. ನನಗೆ ಏನು ಬಡಿದಿತ್ತು!

ಚಿಕಿತ್ಸೆ ನಿಲ್ಲಿಸಿದ್ದಾರೆ. ಅರವತ್ತೊಂದು ಜನರ ಚಿಕಿತ್ಸೆ ನಡುದಾರಿಯಲ್ಲಿದೆ. ಯಾರಿಗೆ ಎಷ್ಟಾಗಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಮೇಲಿನ ಯಂತ್ರ ತನ್ನಲ್ಲಿ ಇಟ್ಟುಕೊಳ್ಳುವುದು ಆ ದಿನದ್ದನ್ನು ಮಾತ್ರ, ಇವತ್ತು ಬೆಳಿಗ್ಗೆಯದನ್ನು ಫಿಸಿಸಿಸ್ಟ್ ಮೇಡಂ ಬರೆದಿಟ್ಟುಕೊಂಡರು. ಡಿಸ್ಕಿನಿಂದ ಮಾಹಿತಿ ಹೊರತೆಗೆಯುವವರಿಗೆ ಕಳಿಸಿದ್ದಾಯಿತು. ಮೂರು ವಾರ ಬೇಕು, ಸಿಗುತ್ತದೆಂಬ ಭರವಸೆ ಕೊಡಲ್ಲ ಎಂದರು.

ಹೊರಡುವ ಮೊದಲು ಹಸುವನ್ನು ಅಳಿಸಿದೆ. ಒಂದೇ ಸಾಲು. ಗುರುತೂ ಉಳಿಯಲಿಲ್ಲ. ಯಾರಿಗೂ ಹೇಳಿಲ್ಲ, ಇವರಿಗೂ.

ಏಪ್ರಿಲ್ 9, ಮಂಗಳವಾರ

ಹಳೇ ಸರ್ ಅವರನ್ನು ಕರೆಸಿದ್ದರು. ಮೇಲಿನ ಕೋಣೆಯಲ್ಲಿ ಗುಡುಗು, ಫಿಸಿಸಿಸ್ಟ್ ಮೇಡಂ, ನಾನು. ಸರ್ ಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದರು.

“ನಕಲು ಆಗದೆ ಒಂದು ತಿಂಗಳಾಗಿದೆ. ಎಂಥ ವ್ಯವಸ್ಥೆ ಮಾಡಿಟ್ಟು ಹೋಗಿದ್ದೀರಿ ನೀವು?” ಗುಡುಗು ಮೇಜು ಗುದ್ದಿದರು.

“ನಕಲು ಆಗದಿದ್ರೆ ಇಮೇಲಲ್ಲಿ ಎಚ್ಚರಿಕೆ ಪತ್ರ ಹೋಗುತ್ತೆ ಸರ್. ನನ್ನ ವಿಳಾಸಕ್ಕೇ ಬರ್ತಿತ್ತು. ನನ್ನ ಡಬ್ಬಿ ನಾನು ಹೋದ ದಿನವೇ ಮುಚ್ಚಿಹೋಯ್ತಲ್ಲ.”

“ವಿಳಾಸ ಬದಲಾಯಿಸೋಕೆ ಹೇಳ್ಲಿಲ್ವಾ?”

ಹೇಳಿದ್ದರು. ಚೀಟಿಯಲ್ಲಿ ನಾಲ್ಕನೇ ಸಾಲು. ಸರ್ ನನ್ನ ಕಡೆ ನೋಡಿದರು. ಏನು ಕಂಡಿತೋ ನನ್ನ ಮುಖದಲ್ಲಿ. “ಬಹುಶಃ ಹೇಳೋಕೆ ಮರ್ತಿರ್ಬೇಕು ಸರ್” ಎಂದರು.

ನಾನು ತುಟಿ ಪಿಟಕ್ಕೆನ್ನಲಿಲ್ಲ. ನೆಲ ನೋಡುತ್ತಾ ಕೂತಿದ್ದೆ. ಅಷ್ಟು ನಾಚಿಕೆಗೇಡು ನಾನು.

ಮಧ್ಯಾಹ್ನ ತಲೆಗೆ ಹೊಳೆಯಿತು. ಸರ್ ಡಬ್ಬಿ ಮುಚ್ಚಿದೆ ಅಂದರೆ ಅವರು ತೆರೆಯಲಾರರು ಅಷ್ಟೇ. ಹೋದವರ ಅಂಚೆಡಬ್ಬಿ ನಲವತ್ತೈದು ದಿನ ಹಾಗೇ ಇರುತ್ತದೆ, ಬಂದದ್ದು ಒಳಗೆ ಬೀಳುತ್ತಲೇ ಇರುತ್ತದೆ, ಆಮೇಲೆ ತಾನಾಗಿ ಅಳಿದುಹೋಗುತ್ತದೆ. ಇದು ಡಬ್ಬಿ ನೋಡಿಕೊಳ್ಳುವ ನನಗೊಬ್ಬಳಿಗೆ ಗೊತ್ತು. ಇಪ್ಪತ್ನಾಲ್ಕು ಪತ್ರ ಅಲ್ಲಿವೆ. ಆ ಕಡೆಯಿಂದ ಏನು ಬಂತೋ ಅದನ್ನು ಯಥಾವತ್ತು ಪತ್ರಕ್ಕೆ ಅಂಟಿಸುವ ಹಾಗೆ ಸರ್ ಬರೆದಿದ್ದರು. ಅಂದರೆ ಪ್ರತಿ ಪತ್ರದಲ್ಲೂ ನನ್ನ ಹಸು, ನನ್ನ ಮಾತು.

ಲೆಕ್ಕ ಹಾಕಿದೆ. ನಲವತ್ತೈದನೇ ದಿನ ಬರುವ ಭಾನುವಾರ. ಐದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಳಿಯುತ್ತದೆ. ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದೇ?

ಅತ್ತೆ ಎರಡು ಸಲ ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು.

ಏಪ್ರಿಲ್ 10, ಬುಧವಾರ

ಚಿಕಿತ್ಸೆ ಇಲ್ಲವೆಂದರೂ ಕಂಡಕ್ಟರ್ ಮಾಮ ಎಂಟೂವರೆಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಮನೆಯಾಕೆ ಎದ್ದು ಬಂದು ಫಿಸಿಸಿಸ್ಟ್ ಮೇಡಂ ದಾರಿ ಅಡ್ಡಗಟ್ಟಿದರು. ನಾನು ಪಕ್ಕದಲ್ಲೇ ಇದ್ದೆ.

“ಇಪ್ಪತ್ತಾಗಿದೆ ಮೇಡಂ. ಸೋಮವಾರ ಬೆಳಿಗ್ಗೆದು ಸೇರಿ ಇಪ್ಪತ್ತು. ನಾನು ಎಣಿಸಿದ್ದೀನಿ. ಮುಂದಿಂದು ಕೊಡಿ.”

“ಎಷ್ಟು ಸಲ ಅನ್ನೋದು ನಿಮಗೆ ಗೊತ್ತಿರ್ಬಹುದು ಅಮ್ಮಾ. ಯಾವ ಸಲ ಎಷ್ಟು ಪ್ರಮಾಣ ಅನ್ನೋದು? ಮಧ್ಯೆ ಎರಡು ಸಲ ಬದಲಾಯಿಸಿದ್ವಿ. ಜಾಸ್ತಿ ಹೋದ್ರೆ ಗಂಟಲು ಸುಟ್ಟು ತೂತು ಬೀಳುತ್ತೆ. ಕಮ್ಮಿ ಆದ್ರೆ ಗೆಡ್ಡೆ ಮತ್ತೆ ಬೆಳೆಯುತ್ತೆ.”

“ಹಾಗೇ ಬಿಟ್ರೆ?”

ಮೇಡಂ ಬೆಂಚಿನ ಮೇಲಿದ್ದ ಮಾಮನ ಕಡೆ ನೋಡಿದರು. ಆಮೇಲೆ, “ದಿನ ಕಳೆದಷ್ಟೂ ಇದುವರೆಗೆ ಕೊಟ್ಟದ್ದು ವ್ಯರ್ಥ ಆಗ್ತಾ ಹೋಗುತ್ತೆ” ಎಂದರು. ಸುಳ್ಳು ಹೇಳಲು ಬರದ ಹೆಂಗಸು.

ಎರಡನೇ ಕಂಪ್ಯೂಟರಿನಲ್ಲಿ ಮಾಮನ ಹೆಸರೇ ಇಲ್ಲ. ಅವರು ಬಂದದ್ದು ಮಾರ್ಚ್ 12ಕ್ಕೆ. ಅದರ ಮಟ್ಟಿಗೆ ಅವರು ಹುಟ್ಟೇ ಇಲ್ಲ.

ಕೆಳಗೆ ಬಂದು ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದೆ. ಆಗ ನೆನಪಾಯಿತು. ಪತ್ರದಲ್ಲಿ ಹಸುವಿನ ಕೆಳಗೆ ಇನ್ನೊಂದು ಇರುತ್ತದೆ. ಕಳಿಸಲಾಗದ ಕಡತಗಳ ಹೆಸರಿನ ಪಟ್ಟಿ. ನಮ್ಮ ಕಡತದ ಹೆಸರಲ್ಲೇ ಎಲ್ಲ ಇದೆ: ರೋಗಿಯ ಸಂಖ್ಯೆ, ತಾರೀಖು, ಎಷ್ಟನೇ ಸಿಟ್ಟಿಂಗು, ಎಷ್ಟು ಪ್ರಮಾಣ. ಹಾಗೆ ಹೆಸರಿಡುವುದು ಸರ್ ಮಾಡಿದ ಕಟ್ಟುಪಾಡು. ಹನ್ನೊಂದು ವರ್ಷ ‘ಎಷ್ಟುದ್ದ ಹೆಸರಪ್ಪಾ’ ಎಂದು ಒಳಗೊಳಗೇ ಗೊಣಗಿದ್ದೇನೆ.

ಡಬ್ಬಿ ತೆರೆದೆ. ಇವೆ, ಇಪ್ಪತ್ನಾಲ್ಕೂ ಇವೆ. ಅರವತ್ತೊಂದು ಜನರ ಲೆಕ್ಕವೂ ಅದರಲ್ಲಿದೆ.

ಅಯ್ಯೋ, ಇನ್ನು ಹೇಗೆ ಬಾಯಿ ಮುಚ್ಚಿಕೊಂಡಿರಲಿ. ತೋರಿಸಿದರೆ ನನ್ನ ಕೆಲಸ ಹೋಯಿತು, ಮಾನ ಹೋಯಿತು. ತೋರಿಸದಿದ್ದರೆ ಆ ಮನುಷ್ಯ ಬೆಂಚಿನ ಮೇಲೆ ಕೂತೇ ಇರುತ್ತಾರೆ. ಒಂದು ಉಪಾಯ ಮಾಡಿದೆ. ಪತ್ರಗಳಿಂದ ಕಡತಗಳ ಹೆಸರನ್ನಷ್ಟೇ ಕತ್ತರಿಸಿ ಒಂದು ಹೊಸ ಪಟ್ಟಿ ಮಾಡಿದೆ. ಹಸು ಇಲ್ಲದ, ಚೊಕ್ಕಟ ಪಟ್ಟಿ. ಮಾಡಿ ಮುಗಿಸುವಾಗ ಸಂಜೆ ಐದೂಮುಕ್ಕಾಲು, ಮೇಡಂ ಹೊರಟುಹೋಗಿದ್ದರು. ನಾಳೆ ಕೊಡುತ್ತೇನೆ. ಎಲ್ಲಿಂದ ಬಂತು ಎಂದರೆ ಏನಾದರೂ ಹೇಳಿದರಾಯಿತು.

ಇವರು ಬಂದಾಗ ಎಲ್ಲ ಹೇಳಿಬಿಟ್ಟೆ, ಚೊಕ್ಕಟ ಪಟ್ಟಿಯದ್ದು ಬಿಟ್ಟು. ಇವರು, “ನನ್ನ ಕಾರಿನಲ್ಲಾದ್ರೆ ನನ್ನ ಕಾಲಡಿನೂ ಒಂದು ಬ್ರೇಕ್ ಇರುತ್ತೆ. ನಿಂಗೆ ಈಗ ನಾನು ಬ್ರೇಕ್ ಹಾಕೋಕಾಗಲ್ಲ ಕಣೇ” ಎಂದರು.

ಏಪ್ರಿಲ್ 11, ಗುರುವಾರ

ಎಂಟಕ್ಕೇ ಹೋಗಿ ಫಿಸಿಸಿಸ್ಟ್ ಮೇಡಂ ಮೇಜಿನ ಮೇಲೆ ಪಟ್ಟಿ ಇಟ್ಟೆ. ಅವರು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಮುಖ ಅರಳಿತು. ನಾನು ಅವರ ಹಲ್ಲು ನೋಡಿದ್ದು ಅದೇ ಮೊದಲು.

“ಎಲ್ಲಿತ್ತು ಇದು?”

“ಹಳೇ ದಾಖಲೆಯಲ್ಲಿ ಮೇಡಂ… ಅಲ್ಲಲ್ಲಿ ಇತ್ತು. ನಾನೇ ಜೋಡಿಸಿದೆ.”

ಹಲ್ಲು ಮಾಯವಾಯಿತು. “ಮೂಲ ಕೊಡಿ.”

“ಮೂಲದಲ್ಲಿ ಇರೋದೂ ಇದೇ ಮೇಡಂ.”

“ಇರ್ಬಹುದು. ನಿಮ್ಮ ಕೈ ಮುಟ್ಟಿದ ಪಟ್ಟಿ ಇದು. ಒಂದು ಅಂಕಿ ಹೆಚ್ಚುಕಮ್ಮಿ ಆಗಿದ್ರೆ? ಇದನ್ನ ನಂಬ್ಕೊಂಡು ಒಬ್ಬ ಮನುಷ್ಯನ ಗಂಟಲಿಗೆ ಕಿರಣ ಬಿಡಲ್ಲ ನಾನು. ಗಂಟೆ, ತಾರೀಖು ಸಮೇತ, ಯಾರೂ ಮುಟ್ಟದ ಮೂಲ ಬೇಕು. ಇಲ್ಲ ಅಂದ್ರೆ ಡಿಸ್ಕ್ ಬರೋ ತನಕ ಕಾಯೋಣ.”

ಪಟ್ಟಿಯನ್ನು ನನ್ನ ಕಡೆ ತಳ್ಳಿದರು. ನಾನು ಅದನ್ನು ತೆಗೆದುಕೊಂಡು ಬಾಗಿಲವರೆಗೂ ಬಂದೆ. ಹೊರಗೆ ಬೆಂಚಿನಲ್ಲಿ ಮಾಮ ತಲೆ ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದರು. ಮನೆಯಾಕೆ ಒಂದು ಚಮಚ ಗಂಜಿಯನ್ನು ಅವರ ತುಟಿಗೆ ಹಿಡಿದಿದ್ದರು. ನುಂಗಲಾಗದೆ ಪಕ್ಕಕ್ಕೆ ಸುರಿಯಿತು. ಅವರು ಒರೆಸಿ ಮತ್ತೊಂದು ಚಮಚ ಹಿಡಿದರು.

ಮೂರು ವಾರ. ಈ ಮನುಷ್ಯ ನನ್ನಿಂದ ಸತ್ತುಹೋಗುತ್ತಾರೆ. ಹಾಗೇ ತಿರುಗಿ ಒಳಗೆ ಹೋಗಿ, “ಮೂಲ ಇದೆ ಮೇಡಂ. ಗುಡು… ಮುಖ್ಯ ಡಾಕ್ಟರನ್ನೂ ಕರೀರಿ. ಹಳೇ ಸರ್‌ಗೂ ಫೋನ್ ಮಾಡಿ” ಎಂದೆ.

ಸರ್ ಬಂದ ಮೇಲೆ ಮೂವರ ಎದುರು ಡಬ್ಬಿ ತೆರೆದು ಇಪ್ಪತ್ನಾಲ್ಕು ಪತ್ರವನ್ನೂ ಅಚ್ಚು ಹಾಕಿಸಿದೆ. ಮೇಡಂ ಕೆಂಪು ಪೆನ್ನು ಹಿಡಿದು ಕೆಳಗಿನ ಪಟ್ಟಿ ಹಿಡಿದರು. ಗುಡುಗು ಮೇಲಿನ ಹಸು ಹಿಡಿದರು. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು.

“ಉ-ಸಿ-ರಾ-ಡು ಮಾರಾಯ್ತಿ… ಏನಿದು?”

“ಹಸು ಸರ್. ನಾನೇ ಕಟ್ಟಿದ್ದು. ಅದ್ರಿಂದಲೇ ನಕಲು ನಿಂತಿದ್ದು.”

“ಗುಡುಗು ಮೂರು ಸಲ ಬಂತು. ಮಳೆ ಒಂದು ಹನಿ ಇಲ್ಲ. ಗುಡುಗು ಅಂದ್ರೆ?”

“ನೀವೇ ಸರ್.”

ಹಳೇ ಸರ್ ಕೆಮ್ಮಿದರು. ಗುಡುಗಿನ ಕುತ್ತಿಗೆಯಿಂದ ಕೆಂಪು ಮೇಲೇರಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ರೋಗಿಗಳ ಜೀವ ಅಂದರೆ ನಿನಗೆ ಆಟವಾ, ಇದೇನು ಮಕ್ಕಳ ಶಾಲೆಯಾ ಎಂದು ಶುರುಮಾಡಿದರು. ಎಲ್ಲ ನಿಜವೇ. ಆದರೆ ಮೇಡಂ ಪಕ್ಕದಲ್ಲಿ ಅಂಕಿ ಕೂಡುತ್ತಿದ್ದರು, ಎರಡು ಸಲ ತಪ್ಪಿ ಮೊದಲಿಂದ ಶುರುಮಾಡಿದ್ದರು.

“ಕೂತ್ಕೊಳ್ಳಿ ಸರ್. ಅವರು ಮುಗಿಸ್ಲಿ. ಆಮೇಲೆ ನನ್ನ ಏನು ಬೇಕಾದ್ರೂ ಅನ್ನಿ” ಎಂದೆ. ದನಿ ಸ್ವಲ್ಪ ಜೋರಾಯಿತೇನೋ. ಅವರು ಕೂತರು.

“ಇನ್ನೊಂದು. ವಿಳಾಸ ಬದಲಾಯಿಸೋಕೆ ಸರ್ ನಂಗೆ ಚೀಟೀಲಿ ಬರೆದುಕೊಟ್ಟಿದ್ರು. ಮರೆತವಳು ನಾನು.”

ಮೇಡಂ ತಮ್ಮ ಬಗ್ಗೆ ಬರೆದದ್ದನ್ನೂ ಓದಿದರು. ಆ ಹಾಳೆ ಮಗುಚಿ ಮುಂದಿನದಕ್ಕೆ ಹೋದರು. ಸಂಜೆ ನಾಲ್ಕಕ್ಕೆ ಪೆನ್ನು ಕೆಳಗಿಟ್ಟು, “ಅರವತ್ತೊಂದೂ ಸರಿಯಾಗಿದೆ. ನಾಳೆ ಶುರುಮಾಡ್ಬಹುದು” ಎಂದರು.

ಮನೆಗೆ ಬಂದು ನಿದ್ದೆ ಹೋಗಿಬಿಟ್ಟೆ, ಕಾಲು ತೊಳೆಯದೆ.

ಏಪ್ರಿಲ್ 12, ಶುಕ್ರವಾರ

ನನ್ನನ್ನು ಅಮಾನತು ಮಾಡಿದ್ದಾರೆ. ವಿಚಾರಣೆ ಮುಂದಿನ ತಿಂಗಳು. ಕೀಲಿಗೊಂಚಲು ಕೊಟ್ಟು ಸಹಿ ಹಾಕಿದೆ. ವಿಚಾರಣೆ ಮುಗಿಯುವವರೆಗೆ ಕೋಣೆ ನೋಡಿಕೊಳ್ಳಲು ಹಳೇ ಸರ್ ಒಪ್ಪಿದ್ದಾರೆ. “ಊಟ ಮಾಡ್ಕೊಂಡು ಹೋಗು” ಎಂದು ಡಬ್ಬಿ ಮುಂದಿಟ್ಟರು. ಅದಕ್ಕೆ ಮಾತ್ರ ಅಳು ಬಂತು.

ಹೋಗುವ ಮೊದಲು ಒಂದು ಕೆಲಸ ಇತ್ತು. ಚಿಕಿತ್ಸೆ ಯಾಕೆ ನಿಂತಿತು ಎಂದು ರೋಗಿಗಳಿಗೆ ತಿಳಿಸಬೇಕಲ್ಲ. ‘ತಾಂತ್ರಿಕ ಕಾರಣ’ ಎಂದು ಬೋರ್ಡು ಹಾಕುತ್ತೇವೆ ಎಂದರು ಗುಡುಗು. ನಾನೇ ಹೇಳುತ್ತೇನೆ ಎಂದೆ. ಕಾಯುವ ಹಾಲಿನಲ್ಲಿ ನಲವತ್ತು ಜನರಿದ್ದರು. ಎಲ್ಲರಿಗೂ ಕಾಣುವ ಹಾಗೆ ಮುಂದೆ ನಿಂತೆ. ಹೇಳಿದೆ. ಹಸುವಿನ ವಿಷಯವನ್ನೂ ಹೇಳಿದೆ, ಮುಚ್ಚಿಟ್ಟಿದ್ದನ್ನೂ ಹೇಳಿದೆ.

ಕಂಡಕ್ಟರ್ ಮಾಮನ ಭುಜ ಕುಲುಕಿತು. ನಗುತ್ತಿದ್ದರು, ಶಬ್ದವಿಲ್ಲದೆ. ಅವರ ಮನೆಯಾಕೆ ನಗಲಿಲ್ಲ. ಎದ್ದು ನಿಂತರು.

“ಮೂರು ದಿನ ತಪ್ಪಿದೆ. ಇದಕ್ಕೆ ಎರಡು ಸಿಟ್ಟಿಂಗ್ ಜಾಸ್ತಿ ಕೊಡ್ತಾರಂತೆ. ಅವರ ಗಂಟಲು ತಡ್ಕೊಳ್ಳುತ್ತಾ?”

“ಗೊತ್ತಿಲ್ಲ ಅಮ್ಮಾ.”

“ಅವತ್ತು ಬರುತ್ತೆ ಅಂದ್ರಲ್ಲ, ದನಿ.”

“ನಂಗೆ ಗೊತ್ತಿರ್ಲಿಲ್ಲ ಅಮ್ಮಾ. ಸುಮ್ನೆ ಅಂದೆ.”

ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲಾರೆ. ಗುಡುಗಿನ ಕೂಗು ಅದರ ಮುಂದೆ ಏನೇನೂ ಅಲ್ಲ.

ಏಪ್ರಿಲ್ 14, ಭಾನುವಾರ

ಇವರಿಂದ ಎಲ್ಲ ತಿಳಿದ ಮೇಲೂ ಅತ್ತೆ ಬೆಳಿಗ್ಗೆಯಿಂದ ಏನೂ ಕೇಳಿಲ್ಲ. ಅವರು ಕೇಳದಿದ್ದರೆ ಇನ್ನೂ ಭಯ. ಮಧ್ಯಾಹ್ನ ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಾ, “ಗಂಡನ್ನ ಕರ್ಕೊಂಡು ಆ ಹೆಂಗಸು ದಿನಾ ಒಬ್ಬಳೇ ಬರ್ತಾಳಾ?” ಎಂದು ಕೇಳಿದರು.

ಏಪ್ರಿಲ್ 16, ಮಂಗಳವಾರ

ಇವತ್ತು ಬರೆಯುವಂಥದ್ದು ಏನೂ ಇಲ್ಲ. ಎಂಟೂವರೆಗೆ ಆಸ್ಪತ್ರೆಗೆ ಹೋಗಿದ್ದೆ. ನಿನ್ನೆಯೂ ಹೋಗಿದ್ದೆ, ಗೇಟಿನಿಂದಲೇ ವಾಪಸ್ ಬಂದೆ. ಇವತ್ತು ಕೆಲಸದವರ ಬಾಗಿಲು ಬಿಟ್ಟು ರೋಗಿಗಳ ಬಾಗಿಲಿನಿಂದ ಒಳಗೆ ಹೋದೆ.

ಮಾಮನನ್ನು ಆಗಲೇ ಒಳಗೆ ಕರೆದುಕೊಂಡಿದ್ದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತ್ತು. ಅವರ ಮನೆಯಾಕೆ ಬೆಂಚಿನ ತುದಿಯಲ್ಲಿ, ಚೀಲ ಮಡಿಲಲ್ಲಿಟ್ಟುಕೊಂಡು, ಆ ದೀಪವನ್ನೇ ನೋಡುತ್ತಿದ್ದರು. ನನ್ನನ್ನು ಕಂಡೂ ಮುಖ ತಿರುಗಿಸಲಿಲ್ಲ. ನಾನು ಕಂಬದ ಹತ್ತಿರ ನಿಂತೆ.

“ಕೆಲಸದಿಂದ ತೆಗೆದ್ರಂತಲ್ಲ. ಮತ್ಯಾಕೆ ಬಂದ್ರಿ?”

“ಹೇಗಿದ್ದಾರೆ ಅಂತ ಕೇಳೋಕೆ.”

“ಹೇಗಿರ್ತಾರೆ. ನೀರೂ ಇಳೀತಿಲ್ಲ.” ದೀಪದಿಂದ ಕಣ್ಣು ತೆಗೆಯದೆ ಹೇಳಿದರು, “ಈ ದೀಪ ಹತ್ತಿದ್ರೆ ನಂಗೆ ಕೈಕಾಲೆಲ್ಲ ಬಿದ್ದುಹೋಗುತ್ತೆ. ಹತ್ತು ನಿಮಿಷ ಅಂತಾರೆ. ಹತ್ತು ನಿಮಿಷ ಯಾವತ್ತೂ ಇಷ್ಟುದ್ದ ಇರ್ಲಿಲ್ಲ. ನಿಮಗೆ ಭಯ ಆಗಲ್ವಾ?”

“ಆಗುತ್ತೆ. ಯಾವಾಗ್ಲೂ ಆಗುತ್ತೆ.”

ಅವರು ಚೀಲವನ್ನು ಮಡಿಲಿಂದ ತೆಗೆದು ನೆಲಕ್ಕಿಟ್ಟರು. ಬೆಂಚಿನ ಮೇಲೆ ಜಾಗವಾಯಿತು.

“ನಿಮ್ಮನ್ನ ಕ್ಷಮಿಸಿದ್ದೀನಿ ಅಂದ್ಕೋಬೇಡಿ” ಎಂದರು. “ಕೂತ್ಕೊಳ್ಳಿ.”

ಕೂತೆ. ನಾಳೆಯೂ ಹೋಗಬೇಕು, ಇನ್ನು ಹನ್ನೆರಡು ಸಿಟ್ಟಿಂಗು ಇವೆ.